ಕೈಯಲ್ಲಿ ಕಸುಬಿದೆ, ಕಾಗದ ಇಲ್ಲ: ದಂಧೆ ಶುರು ಮಾಡುವವರ ಜೊತೆ ಹೋಗುವವರಿಗೆ

2024ರ ಬೇಸಿಗೆಯಲ್ಲಿ ಒಬ್ಬ ಅಕ್ಕನ ಜೊತೆ ಕಲಬುರಗಿಯ ಒಂದು ಬ್ಯಾಂಕಿಗೆ ಹೋಗಿದ್ದೆ. ಮದುವೆ, ಕುಬುಸ, ತೊಟ್ಟಿಲು ಅಂತ ಊರಲ್ಲಿ ಯಾರ ಮನೆಯಲ್ಲಿ ಕಾರ್ಯ ಇದ್ದರೂ ರೊಟ್ಟಿ ಬಡಿಯಲು ಆಕೆಗೇ ಕರೆ ಬರುತ್ತಿತ್ತು. ಮಾತಾಡುತ್ತಾ ಮಾತಾಡುತ್ತಾ ನೂರು ರೊಟ್ಟಿ ಮುಗಿಸುವ ಕೈ. ಸ್ವಂತ ರೊಟ್ಟಿ ಕೇಂದ್ರ ಹಾಕಬೇಕು ಅಂತ ಆಸೆ. ಬ್ಯಾಂಕಿನ ಗಾಜಿನ ಬಾಗಿಲ ಮುಂದೆ ಆಕೆ ಚಪ್ಪಲಿ ಕಳಚಿಟ್ಟರು. "ಹಾಕ್ಕೊಂಡೇ ಬರ್ರಿ ಅಕ್ಕಾ" ಅಂದೆ. "ಬ್ಯಾಡವಾ, ನೆಲ ಹೊಲಸಾಗ್ತದ" ಅಂದರು.

ಒಳಗೆ ಕೇಳಿದ್ದು ಮೂರೇ ಪ್ರಶ್ನೆ. ಪ್ರಾಜೆಕ್ಟ್ ರಿಪೋರ್ಟ್ ಎಲ್ಲಿ? ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆ ಅಂತ ಸರ್ಕಾರದಲ್ಲಿ ಹೆಸರು ಬರೆಸುವುದು) ಆಗಿದೆಯಾ? ಮೊದಲು ಯಾವುದಾದರೂ ಸಾಲ ಇದೆಯಾ? ಅದೂ ಹಿಂದಿಯಲ್ಲಿ. ಅಕ್ಕ ನನ್ನ ಮುಖ ನೋಡಿದರು. ನಾನೂ ತಯಾರಾಗಿ ಹೋಗಿರಲಿಲ್ಲ. "ಮುಂದಿನ ವಾರ ಬನ್ನಿ" ಅಂದರು, ಎದ್ದು ಬಂದೆವು. ಒಂದು ದಿನದ ಕೂಲಿ ಹೋಯಿತು.

ತಪ್ಪು ನನ್ನದೇ. ನಾವು ಮೊದಲು ಸಾಲಕ್ಕೆ ಹೋದೆವು. ಆಮೇಲೆ ಕಾಗದ ಹುಡುಕಿದೆವು. ಎಲ್ಲಕ್ಕಿಂತ ಕೊನೆಗೆ ರೊಟ್ಟಿ ಯಾರಿಗೆ ಮಾರಬೇಕು ಅಂತ ಯೋಚಿಸಿದೆವು. ಪೂರ್ತಿ ಉಲ್ಟಾ. ಸ್ವಸಹಾಯ ಸಂಘಗಳ ಲೆಕ್ಕದ ಪುಸ್ತಕ ಬರೆಯುವ ಕೆಲಸದಿಂದ ಈ ಕಡೆ ಬಂದವಳು ನಾನು. ಅಲ್ಲಿಂದೀಚೆಗೆ ಹತ್ತಾರು ಜನರ ಜೊತೆ ಓಡಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಅವ್ವ, ಅತ್ತೆ, ಪಕ್ಕದ ಮನೆಯ ಅಣ್ಣ, ನಿಮ್ಮ ಶಾಲೆಯ ಮಕ್ಕಳ ಅಪ್ಪ, ಹೀಗೆ ಯಾರಾದರೂ ಕೈಯಲ್ಲಿ ಕಸುಬು ಇಟ್ಟುಕೊಂಡು ಬ್ಯಾಂಕಿನ ಬಾಗಿಲಲ್ಲಿ ಅಳುಕುತ್ತಾ ನಿಂತಿದ್ದರೆ, ಅವರ ಜೊತೆ ಹೋಗುವ ನಿಮಗಾಗಿ ಇದು.

1. ಮೊದಲು ಒಂದು ತಿಂಗಳು ಮಾರಿ ನೋಡಲಿ

ಸಾಲದ ಮಾತು ಆಮೇಲೆ. ಇರುವ ರೊಕ್ಕದಲ್ಲೇ, ಅದು ಗೃಹಲಕ್ಷ್ಮಿಯ 2,000 ಆದರೂ ಸರಿ, ಒಂದು ತಿಂಗಳು ಸಣ್ಣದಾಗಿ ಮಾರಲಿ. ಆಗ ಗೊತ್ತಾಗುವ ಸಂಗತಿ ಯಾವ ತರಬೇತಿಯಲ್ಲೂ ಗೊತ್ತಾಗಲ್ಲ.

ಆ ಅಕ್ಕನ ಲೆಕ್ಕವನ್ನೇ ಹೇಳುತ್ತೇನೆ. ಹೋಟೆಲಿನವರು ರೊಟ್ಟಿಗೆ 6 ರೂಪಾಯಿ ಕೊಡ್ತೀವಿ ಅಂದಿದ್ದರು. ಆಕೆಗೆ ಖುಷಿ. ಒಂದು ಸಂಜೆ ಕೂತು ಬರೆದೆವು. 10 ಕೆಜಿ ಜೋಳ, ಕೆಜಿಗೆ 45ರಂತೆ 450. ಗಿರಣಿಗೆ 50. ಗ್ಯಾಸು 120. ಕವರ್, ಚೀಟಿ 60. ಆಟೋ 80. ಒಟ್ಟು 760. ಒಂದು ಕೆಜಿಗೆ 14 ಕಡಕ್ ರೊಟ್ಟಿ, ಅಂದರೆ 140 ರೊಟ್ಟಿ. 6ರಂತೆ 840. ಉಳಿದಿದ್ದು 80 ರೂಪಾಯಿ. ಬೆಳಿಗ್ಗೆಯಿಂದ ಒಲೆ ಮುಂದೆ ಕೂತವರು ಇಬ್ಬರು, ಆಕೆ ಮತ್ತು ಸೊಸೆ. ತಲಾ 40. ಆ ವರ್ಷ ಉದ್ಯೋಗ ಖಾತ್ರಿಯ ಕೂಲಿಯೇ ದಿನಕ್ಕೆ 349 ಇತ್ತು!

ಅಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕೂತರು. "ಅಂದ್ರ ಇಷ್ಟು ದಿನ ನಾ ಪುಕ್ಕಟೆ ಬಡದೀನಿ" ಅಂದರು.

ಆಮೇಲೆ ಹೋಟೆಲ್ ಬಿಟ್ಟು ಮನೆಗಳಿಗೆ ಮಾರಿದರು. ಹತ್ತು ರೊಟ್ಟಿಯ ಕಟ್ಟು 100 ರೂಪಾಯಿ. ಅದೇ 140 ರೊಟ್ಟಿಗೆ 1,400 ಬಂತು, ಖರ್ಚು ಕಳೆದು ತಲಾ 320. ದಿನಕ್ಕೆ 15 ಕೆಜಿ ಮಾಡಿದಾಗ ಆಟೋ ಬಾಡಿಗೆ ಅಷ್ಟೇ ಉಳಿಯಿತು, ಇಬ್ಬರಿಗೂ 500ರಂತೆ ಸಿಕ್ಕಿತು. ಬ್ಯಾಂಕ್ ಕೇಳಿದ ಪ್ರಾಜೆಕ್ಟ್ ರಿಪೋರ್ಟ್ ಅಂದರೆ ಬಹುಮಟ್ಟಿಗೆ ಇದೇ ಲೆಕ್ಕ. ಇದನ್ನು ಮನೆಯಲ್ಲಿ ಬರೆದವರಿಗೆ ಅದನ್ನು ಟೈಪ್ ಮಾಡಿಸುವುದು ಅರ್ಧ ಗಂಟೆಯ ಕೆಲಸ. ಬರೆಯದವರು ಯಾರೋ ಏಜೆಂಟನಿಗೆ ಸಾವಿರಾರು ಕೊಟ್ಟು ಯಾವುದೋ ಊರಿನ, ಯಾವುದೋ ಡೇರಿಯ ರಿಪೋರ್ಟ್ ನಕಲು ತರುತ್ತಾರೆ. ಮ್ಯಾನೇಜರ್ ಒಂದು ಪ್ರಶ್ನೆ ಕೇಳಿದರೆ ಮುಗೀತು.

ಲೆಕ್ಕದಲ್ಲಿ ಕೂಲಿ ಹಾಕೋದನ್ನು ಮರೆಯಬೇಡಿ. ನಮ್ಮ ಹೆಂಗಸರು ತಮ್ಮ ದುಡಿಮೆಗೆ ಬೆಲೆ ಹಾಕುವುದೇ ಇಲ್ಲ.

ಎಲ್ಲಿ ಮಾರಬೇಕು? ಸಂತೆ, ಆಸ್ಪತ್ರೆ ಮುಂದೆ, ಕಾಲೇಜು ಹಾಸ್ಟೆಲು, ಜಾತ್ರೆ. ಹೋಳಿ ಆದ ಮೇಲೆ ಬರುವ ಶರಣಬಸವೇಶ್ವರ ಜಾತ್ರೆ, ಸಂಕ್ರಾಂತಿಗೆ ಯಾದಗಿರಿ ಹತ್ತಿರದ ಮೈಲಾಪುರ ಮಲ್ಲಯ್ಯನ ಜಾತ್ರೆ, ಇವೆಲ್ಲ ಹೊಸ ಮಾಲು ಪರೀಕ್ಷೆ ಮಾಡಲು ಒಳ್ಳೆ ಜಾಗ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಚಾರ್ಜ್ ಇಲ್ಲ. ಆಳಂದದ ಹಳ್ಳಿಯಿಂದ ಕಲಬುರಗಿಗೆ ಬಂದು ಮಾರಿ ಸಂಜೆ ಹಿಂತಿರುಗುವುದು ಈಗ ಲೆಕ್ಕಕ್ಕೆ ಕೂರುತ್ತದೆ.

ಕಾಲವನ್ನೂ ನೋಡಿ. ನಮ್ಮ ಕಡೆ ಜನರ ಕೈಯಲ್ಲಿ ರೊಕ್ಕ ಓಡಾಡುವುದು ತೊಗರಿ ರಾಶಿಯ ಮೇಲೆ, ಡಿಸೆಂಬರ್-ಜನವರಿಯಿಂದ. ಜೂನ್-ಜುಲೈನಲ್ಲಿ ಬೀಜ, ಗೊಬ್ಬರ, ಶಾಲೆ ಫೀಸು ಅಂತ ಎಲ್ಲರ ಜೇಬೂ ಖಾಲಿ. ಆಗ ಹಳ್ಳಿಯಲ್ಲಿ ಬಟ್ಟೆ ಅಂಗಡಿ ತೆಗೆದರೆ ಉದ್ರಿ ಪುಸ್ತಕ ಮಾತ್ರ ತುಂಬುತ್ತದೆ.

2. ಹೆಸರು ಒಂದೇ ಇರಲಿ

ಈಗ ಕಾಗದ. ಎಷ್ಟೋ ಜನರ ದಂಧೆ ನಿಂತಿರುವುದು ರೊಕ್ಕ ಇಲ್ಲದೆ ಅಲ್ಲ, ಒಂದು ಅಕ್ಷರಕ್ಕೆ.

ಆಧಾರ್‌ನಲ್ಲಿ ಮಹಾದೇವಿ. ಪಾಸ್‌ಬುಕ್ಕಿನಲ್ಲಿ ಮಾದೇವಿ. ಜಾತಿ ಪ್ರಮಾಣಪತ್ರದಲ್ಲಿ ಮಹಾದೇವಮ್ಮ, ಗಂಡನ ಹೆಸರಿನ ಜೊತೆ. ರೇಷನ್ ಕಾರ್ಡಿನಲ್ಲಿ ಇನ್ನೊಂದು. ಮೂರು ಭಾಷೆಯ ಗಡಿಯಲ್ಲಿ ಬದುಕುವವರು ನಾವು. ಕನ್ನಡದ ಹೆಸರನ್ನು ಒಬ್ಬ ಉರ್ದು ಕಿವಿಯಲ್ಲಿ ಕೇಳಿ ಬರೆದಿರುತ್ತಾನೆ, ಲಂಬಾಣಿ ಹೆಸರನ್ನು ಇನ್ನೊಬ್ಬ ಮರಾಠಿ ಮಾಡಿರುತ್ತಾನೆ. ಮನುಷ್ಯರಿಗೆ ಇದು ಅರ್ಥವಾಗುತ್ತದೆ, ಕಂಪ್ಯೂಟರಿಗೆ ಆಗಲ್ಲ.

ಎಲ್ಲ ಕಾಗದಗಳನ್ನು ಚಾಪೆ ಮೇಲೆ ಹರಡಿ. ಒಂದು ಹಾಳೆಯಲ್ಲಿ ಪ್ರತಿ ಕಾಗದದ ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ದಿನಾಂಕ ಬರೆಯಿರಿ. ಯಾವುದು ಜಾಸ್ತಿ ಕಡೆ ಒಂದೇ ಥರ ಇದೆಯೋ ಅದನ್ನು ಇಟ್ಟುಕೊಂಡು ಉಳಿದವನ್ನು ತಿದ್ದಿಸಿ. ಅವಸರದಲ್ಲಿ ಆಧಾರ್ ತಿದ್ದಿಸಲು ಓಡಬೇಡಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಪಾಸ್‌ಬುಕ್ ತಿದ್ದಿಸುವುದು ಅದಕ್ಕಿಂತ ಸುಲಭ.

ಆಮೇಲೆ ಫೋನ್ ನಂಬರ್. ಇದು ಸಣ್ಣ ವಿಷಯ ಅನಿಸುತ್ತೆ, ಅಲ್ವಾ? ಚಿತ್ತಾಪುರ ಕಡೆಯ ಒಬ್ಬ ಹೆಂಗಸಿನ ಆಧಾರ್‌ಗೆ ಮಗನ ನಂಬರ್ ಇತ್ತು. ಮಗ ಪುಣೆಯಲ್ಲಿ ಗೌಂಡಿ ಕೆಲಸಕ್ಕೆ ಹೋಗಿದ್ದ. ನಾವು ಇಲ್ಲಿ ಕಂಪ್ಯೂಟರ್ ಮುಂದೆ ಕೂತು ಒಟಿಪಿ ಕೇಳಿದರೆ ಅವನು ಅಲ್ಲಿ ಮೂರನೇ ಅಂತಸ್ತಿನಲ್ಲಿ, ಫೋನ್ ಕೆಳಗೆ ಅಂಗಿ ಜೇಬಿನಲ್ಲಿ. ಮೂರು ದಿನ ಅದೇ ಕಥೆ. ಅರ್ಜಿ ಹಾಕುವವರ ಕೈಯಲ್ಲೇ ಇರುವ ನಂಬರನ್ನು ಆಧಾರ್‌ಗೂ ಬ್ಯಾಂಕ್ ಖಾತೆಗೂ ಮೊದಲೇ ಸೇರಿಸಿಬಿಡಿ.

ಇನ್ನು ಬೇಕಾದವು: ನಾಡಕಚೇರಿಯಿಂದ ಜಾತಿ ಮತ್ತು ಆದಾಯ ಪ್ರಮಾಣಪತ್ರ. ಅದರ ಮೇಲಿರುವ ಆರ್‌ಡಿ ನಂಬರನ್ನು ಬೇರೆ ಬರೆದಿಟ್ಟುಕೊಳ್ಳಿ, ಎಲ್ಲ ಅರ್ಜಿಯಲ್ಲೂ ಅದನ್ನೇ ಕೇಳುತ್ತಾರೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದೆಯಾ ನೋಡಿ. ಪ್ಯಾನ್ ಕಾರ್ಡ್. ಅಂಗವಿಕಲರಾಗಿದ್ದರೆ ಯುಡಿಐಡಿ ಕಾರ್ಡ್. ತಾಂಡಾದವರಾಗಿದ್ದರೆ ಮನೆಯ ಹಕ್ಕುಪತ್ರ. 2023ರ ಜನವರಿಯಲ್ಲಿ ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚುವ ಕಾರ್ಯಕ್ರಮ ಆಯಿತಲ್ಲ, ಅದನ್ನು ಟ್ರಂಕಿನಲ್ಲಿ ಮಡಚಿಟ್ಟವರು ಬಹಳ ಜನ. ಜಾಗದ ದಾಖಲೆ ಕೇಳಿದಾಗ ತೋರಿಸಲು ಅದೇ ಆಧಾರ.

ಉದ್ಯಮ್ ನೋಂದಣಿ ಪೂರ್ತಿ ಉಚಿತ. ಆಧಾರ್ ಮತ್ತು ಪ್ಯಾನ್ ಇದ್ದರೆ ಮನೆಯಲ್ಲೇ ಮಾಡಬಹುದು. ಇದಕ್ಕೆ 1,500 ರೂಪಾಯಿ ತೆಗೆದುಕೊಂಡ ವೆಬ್‌ಸೈಟುಗಳನ್ನು ನೋಡಿದ್ದೇನೆ. ಸರ್ಕಾರದ್ದು ಹೌದೋ ಅಲ್ಲವೋ ಅಂತ ತಿಳಿಯಲು ವಿಳಾಸದ ಕೊನೆಯಲ್ಲಿ gov.in ಇದೆಯಾ ನೋಡಿ. ತಿನ್ನುವ ವಸ್ತು ಮಾರುವವರಿಗೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಯೂ ಬೇಕು. ಸಣ್ಣ ವಹಿವಾಟಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ ಮಾತ್ರ.

3. ಹಳೆ ಸಾಲ ಎದುರಿಗೆ ಬರಲಿ

ಈ ಮಾತು ಎತ್ತುವುದು ಕಷ್ಟ. ಗಂಡನ ಮುಂದೆ, ಅತ್ತೆಯ ಮುಂದೆ ಕೇಳಬೇಡಿ. ಬೇರೆ ಕೂತು ಕೇಳಿ. ಎಷ್ಟು ಸಂಘದಲ್ಲಿ ಸಾಲ ಇದೆ? ವಾರದ ಕಂತು ಎಷ್ಟು? ಯಾರಿಗಾದರೂ ಜಾಮೀನು ಹಾಕಿದ್ದೀರಾ?

ಎಷ್ಟೋ ಸಲ ಆಕೆಗೇ ಗೊತ್ತಿರಲ್ಲ. ಹತ್ತು ವರ್ಷದ ಹಿಂದೆ ಗಂಡನ ಸಾಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿರುತ್ತಾರೆ. ಅದು ಈಗ ಎಲ್ಲರ ಸಾಲದ ದಾಖಲೆ ಇಡುವ ಸಿಬಿಲ್‌ನಲ್ಲಿ ಕೂತಿರುತ್ತದೆ. ಇಂಥ ಪ್ರತಿ ಕ್ರೆಡಿಟ್ ಕಂಪನಿ ವರ್ಷಕ್ಕೆ ಒಂದು ಸಲ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಬೇಕು. ಅದನ್ನು ಬ್ಯಾಂಕಿಗೆ ಹೋಗುವ ಮೊದಲೇ ತೆಗೆಸಿ ಓದಿ. ಕಟ್ಟಿ ಮುಗಿಸಿದ ಸಾಲ ಇನ್ನೂ ಬಾಕಿ ಅಂತ ತೋರಿಸುತ್ತಿದ್ದರೆ ತಿದ್ದಿಸಬಹುದು. ನಿಜವಾಗಿಯೂ ಬಾಕಿ ಇದ್ದರೆ ಮೊದಲು ಅದನ್ನು ತೀರಿಸುವ ದಾರಿ ಹುಡುಕಿ, ಹೊಸ ಅರ್ಜಿ ಆಮೇಲೆ.

ಮೈಕ್ರೋಫೈನಾನ್ಸ್ ಕಂತು ತುಂಬಲು ಇನ್ನೊಂದು ಮೈಕ್ರೋಫೈನಾನ್ಸ್ ಸಾಲ ತೆಗೆಯುವ ಮನೆಗಳು ಕಲಬುರಗಿ, ಯಾದಗಿರಿ, ಬೀದರ್, ನಮ್ಮ ಮೂರೂ ಜಿಲ್ಲೆಯಲ್ಲಿ ಇವೆ. ಒಂದು ಮನೆಯ ತಿಂಗಳ ಕಂತುಗಳೆಲ್ಲ ಸೇರಿ ಆ ಮನೆಯ ಆದಾಯದ ಅರ್ಧ ದಾಟಬಾರದು ಅಂತ ರಿಸರ್ವ್ ಬ್ಯಾಂಕ್ ನಿಯಮ ಇದೆ. ವಸೂಲಿಯ ಕಿರುಕುಳದ ವಿರುದ್ಧ 2025ರಲ್ಲಿ ರಾಜ್ಯ ಸರ್ಕಾರ ಕಾನೂನನ್ನೂ ತಂದಿದೆ. ಆದರೂ ನಾನು ಹೇಳುವುದು ಇಷ್ಟೇ: ಅರ್ಧ ದಾಟಿದ ಮನೆಯವರಿಗೆ ದಂಧೆ ಸಾಲ ಕೊಡಿಸಲು ಹೋಗಬೇಡಿ. ಆ ರೊಕ್ಕ ದಂಧೆಗೆ ಹೋಗಲ್ಲ, ಸೋಮವಾರದ ಕಂತಿಗೆ ಹೋಗುತ್ತದೆ.

4. ಯಾರಿಗೆ ಯಾವ ಬಾಗಿಲು

ಯೋಜನೆಗಳ ಪಟ್ಟಿ ಉದ್ದ ಇದೆ. ಅದನ್ನು ಇಡಿಯಾಗಿ ಓದಿ ಹೇಳಿದರೆ ಎದುರಿಗಿರುವವರ ತಲೆ ತಿರುಗುತ್ತದೆ. ಅವರಿಗೆ ಎಷ್ಟು ರೊಕ್ಕ ಬೇಕು ಅನ್ನುವುದರಿಂದ ಶುರು ಮಾಡಿ. ಒಂದನೇ ಹೆಜ್ಜೆಯ ಲೆಕ್ಕ ಇದ್ದರೆ ಅದು ತಾನಾಗೇ ಗೊತ್ತಾಗುತ್ತದೆ.

ಹತ್ತು ಹದಿನೈದು ಸಾವಿರ ಸಾಕಾ? ಪಟ್ಟಣದಲ್ಲಿ ತಳ್ಳುಗಾಡಿ, ರಸ್ತೆ ಬದಿ ಹೂವು, ತರಕಾರಿ, ಮಿರ್ಚಿ ಭಜಿ ಮಾರುವವರಾ? ಹಾಗಾದರೆ ಪಿಎಂ ಸ್ವನಿಧಿ. 2020ರ ಜೂನ್‌ನಲ್ಲಿ 10,000ದಿಂದ ಶುರುವಾದದ್ದು. 2025ರಲ್ಲಿ ಬದಲಾದ ಮೇಲೆ ಮೊದಲ ಸಾಲ 15,000, ಅದನ್ನು ತೀರಿಸಿದರೆ 25,000, ಆಮೇಲೆ 50,000. ಹೊತ್ತಿಗೆ ಸರಿಯಾಗಿ ಕಟ್ಟಿದರೆ ವರ್ಷಕ್ಕೆ 7%ರಷ್ಟು ಬಡ್ಡಿ ವಾಪಸ್ ಬರುತ್ತದೆ. ಪಾಲಿಕೆ, ನಗರಸಭೆ ಅಥವಾ ಪುರಸಭೆಯ ಬೀದಿ ವ್ಯಾಪಾರಿ ಗುರುತಿನ ಚೀಟಿ ಬೇಕು. ಅದಿಲ್ಲದಿದ್ದರೆ ಅಲ್ಲಿಂದಲೇ ಶಿಫಾರಸು ಪತ್ರ ಕೇಳಿ. ಆ ಚೀಟಿ ಸಾಲಕ್ಕಿಂತ ಬೆಲೆಬಾಳುವುದು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸುಮ್ನೆ ಬಂದು ಗಾಡಿ ಎತ್ತಿಸುವ ಹಾಗಿಲ್ಲ.

ಹಳ್ಳಿಯ ಹೆಂಗಸರಿಗೆ ಸಂಜೀವಿನಿ ಸಂಘವೇ, ಅಂದರೆ ಸರ್ಕಾರದ ಯೋಜನೆಯ ಸ್ವಸಹಾಯ ಸಂಘವೇ, ಹತ್ತಿರದ ಬಾಗಿಲು. ಸಂಘಗಳ ಒಕ್ಕೂಟದಿಂದ ಸಿಗುವ ಸಾಲ ಸಣ್ಣದು, ಆದರೆ ಅಲ್ಲಿ ಯಾರೂ ಹಿಂದಿಯಲ್ಲಿ ಪ್ರಶ್ನೆ ಕೇಳಲ್ಲ. ಮಾರಾಟಕ್ಕೂ ಸಂಘ ನೆರವಾಗುತ್ತದೆ. ಕಲಬುರಗಿ ರೊಟ್ಟಿ ಅನ್ನುವ ಹೆಸರಲ್ಲಿ ನಮ್ಮ ಸಂಘಗಳ ಹೆಂಗಸರು ಜೋಳದ ರೊಟ್ಟಿ ಮಾರುತ್ತಿರುವುದು ನಿಮಗೂ ಗೊತ್ತಿರಬಹುದು. ದಿನಕ್ಕೆ ಮೂರು ಸಾವಿರಕ್ಕೂ ಹೆಚ್ಚು ರೊಟ್ಟಿ ಅಂತ 2025ರ ಜೂನ್‌ನ ಮನ್ ಕಿ ಬಾತ್‌ನಲ್ಲಿ ಪ್ರಧಾನಿಯೂ ಹೇಳಿದ್ದರು. ಒಬ್ಬರೇ ಕೂತು ಬಡಿದರೆ ಹೋಟೆಲಿನವರು ಹೇಳಿದ್ದೇ ಬೆಲೆ. ಹೆಸರಿನಡಿ ಬಡಿದರೆ ಬೆಲೆ ಹೇಳುವವರು ನಾವು.

ಚಮ್ಮಾರಿಕೆ, ಬಡಗಿ, ಕಮ್ಮಾರಿಕೆ, ಕುಂಬಾರಿಕೆ, ಕ್ಷೌರ, ಅಗಸ, ದರ್ಜಿ, ಬುಟ್ಟಿ-ಕಸಬರಿಗೆ ಹೆಣೆಯುವವರು, ಹೀಗೆ 18 ಕಸುಬಿನವರಿಗೆ ಪಿಎಂ ವಿಶ್ವಕರ್ಮ ಇದೆ. ತರಬೇತಿಗೆ ದಿನಕ್ಕೆ 500, ಸಲಕರಣೆಗೆ 15,000, ಸಾಲ ಮೊದಲು 1 ಲಕ್ಷ, ಆಮೇಲೆ 2 ಲಕ್ಷ. ಬಡ್ಡಿ 5%. ಅಡಮಾನ ಇಲ್ಲ.

ಬೀದರಿನ ಬಿದ್ರಿ ಕೆಲಸದವರ ತೊಂದರೆ ಬೇರೆ. ಸತು ಮತ್ತು ತಾಮ್ರ ಕೂಡಿಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಂತಿ ಕೂರಿಸಿ, ಕೋಟೆಯ ಮಣ್ಣಿನ ನೀರಲ್ಲಿ ಕಪ್ಪು ಮಾಡುವ ಕೈ ಅವರದು. ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ಕೆಲಸಕ್ಕೆ. ಆದರೆ ಎಷ್ಟೋ ಕುಶಲಕರ್ಮಿಗಳು ಇವತ್ತಿಗೂ ಮಾಲೀಕರ ಬೆಳ್ಳಿಯಲ್ಲಿ ಪೀಸಿಗಿಷ್ಟು ಅಂತ ಕೂಲಿಗೆ ಕೆಲಸ ಮಾಡುತ್ತಾರೆ. ಬೆಳ್ಳಿ ಕೆಜಿಗೆ ಲಕ್ಷ ದಾಟಿ ಹೋಗಿದೆ. ಸ್ವಂತಕ್ಕೆ ಬೆಳ್ಳಿ ಕೊಳ್ಳುವುದು ಹೇಗೆ? ನನ್ನ ಸಲಹೆ, ಹೂದಾನಿ, ಹುಕ್ಕಾ ಬಿಟ್ಟು ಕಿವಿಯೋಲೆ, ಕೀಚೈನ್, ಪೆಂಡೆಂಟ್‌ನಿಂದ ಶುರು ಮಾಡಲಿ. ಬೆಳ್ಳಿ ಗ್ರಾಂ ಲೆಕ್ಕದಲ್ಲಿ ಸಾಕು, ರೊಕ್ಕ ಬೇಗ ಹಿಂದಕ್ಕೆ ಬರುತ್ತದೆ. ಕರಕುಶಲ ಇಲಾಖೆಯ ಕುಶಲಕರ್ಮಿ ಗುರುತಿನ ಚೀಟಿ, ಅಂದರೆ ಪೆಹಚಾನ್ ಕಾರ್ಡ್ ಮಾಡಿಸಿದರೆ ಮೇಳಗಳಲ್ಲಿ ಮಳಿಗೆ ಕೇಳಲು ಅನುಕೂಲ.

ಇನ್ನು ಲಕ್ಷದ ಮೇಲಿನ ಮಾತು. ಕೇಂದ್ರದ ಮುದ್ರಾ ಸಾಲದಲ್ಲಿ ಶಿಶು 50,000ದವರೆಗೆ, ಕಿಶೋರ 5 ಲಕ್ಷದವರೆಗೆ, ತರುಣ 10 ಲಕ್ಷದವರೆಗೆ. ಸಬ್ಸಿಡಿ ಇಲ್ಲ, ಅಡಮಾನವೂ ಇಲ್ಲ. ರಾಜ್ಯದ ಉದ್ಯೋಗಿನಿ ಯೋಜನೆಯಲ್ಲಿ ಹೆಂಗಸರಿಗೆ 3 ಲಕ್ಷದವರೆಗೆ ಸಾಲ, ಪರಿಶಿಷ್ಟ ಜಾತಿ-ಪಂಗಡದವರಿಗೆ ಅದರಲ್ಲಿ ಅರ್ಧ ಸಬ್ಸಿಡಿ. ಅಂಬೇಡ್ಕರ್, ಆದಿಜಾಂಬವ, ವಾಲ್ಮೀಕಿ, ತಾಂಡಾ, ದೇವರಾಜ ಅರಸು, ಅಲ್ಪಸಂಖ್ಯಾತರ ನಿಗಮಗಳೂ ಇವೆ. ಇಲ್ಲಿ ಒಂದು ನಿಜ ಹೇಳಿಬಿಡಬೇಕು. ನಿಗಮದ ಯೋಜನೆಗೆ ಅರ್ಹತೆ ಇದ್ದವರಿಗೆಲ್ಲ ಸಿಗಲ್ಲ. ತಾಲ್ಲೂಕಿಗೆ ಇಷ್ಟು ಅಂತ ಗುರಿ ಇರುತ್ತದೆ, ಹಲವು ಯೋಜನೆಗಳಲ್ಲಿ ಶಾಸಕರ ಅಧ್ಯಕ್ಷತೆಯ ಸಮಿತಿ ಆಯ್ಕೆ ಮಾಡುತ್ತದೆ. ಅರ್ಜಿ ಹಾಕಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಹೊಸ ಘಟಕಕ್ಕೆ ಬ್ಯಾಂಕ್ ಸಾಲದ ಜೊತೆ ಸಬ್ಸಿಡಿ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿ. ಅದರ ಬಗ್ಗೆ ತಪ್ಪು ತಿಳುವಳಿಕೆ ಜಾಸ್ತಿ. "35 ಪರ್ಸೆಂಟ್ ಮಾಫ್" ಅಂತ ಏಜೆಂಟರು ಹೇಳಿಕೊಂಡು ತಿರುಗುತ್ತಾರೆ. ಲೆಕ್ಕ ಹೀಗಿದೆ. ಹಳ್ಳಿಯಲ್ಲಿ ಪರಿಶಿಷ್ಟ ಜಾತಿಯ ಹೆಂಗಸೊಬ್ಬರು 3 ಲಕ್ಷದ ಖಾರಾ-ಮಸಾಲೆ ಗಿರಣಿ ಹಾಕುತ್ತಾರೆ ಅಂತಿಟ್ಟುಕೊಳ್ಳಿ. ಕೈಯಿಂದ ಹಾಕಬೇಕಾದ್ದು 5%, ಅಂದರೆ 15,000. ಬ್ಯಾಂಕ್ ಕೊಡುವುದು 2,85,000. ಸಬ್ಸಿಡಿ 35%, ಅಂದರೆ 1,05,000. ಆದರೆ ಈ 1,05,000 ಕೈಗೆ ಬರಲ್ಲ. ಬ್ಯಾಂಕಿನಲ್ಲೇ ಮೂರು ವರ್ಷ ಠೇವಣಿಯಾಗಿ ಕೂತಿರುತ್ತದೆ. ಅಷ್ಟು ಮೊತ್ತಕ್ಕೆ ಬಡ್ಡಿ ಹಾಕಲ್ಲ, ಅಷ್ಟೇ. ಮೂರು ವರ್ಷ ಆದ ಮೇಲೆ ಯಾರೋ ಬಂದು ಗಿರಣಿ ನಡೀತಿದೆಯಾ ಅಂತ ನೋಡಿ, ನಡೆಯುತ್ತಿದ್ದರೆ ಸಾಲಕ್ಕೆ ಜಮಾ ಮಾಡುತ್ತಾರೆ. ಬೀಗ ಹಾಕಿದ್ದರೆ ಸಬ್ಸಿಡಿ ಹೋಯಿತು. ಸಬ್ಸಿಡಿಗೋಸ್ಕರ ದಂಧೆ ಶುರು ಮಾಡುವವರು ಎಡವುವುದೇ ಇಲ್ಲಿ. ಇನ್ನೊಂದು, ಈಗಾಗಲೇ ನಡೆಯುತ್ತಿರುವ ಘಟಕಕ್ಕೆ ಇದು ಸಿಗಲ್ಲ, ಹೊಸದೇ ಆಗಿರಬೇಕು. ಹಾಗಾಗಿ ಪಿಎಂಇಜಿಪಿ ಯೋಚನೆ ಇದ್ದರೆ ಒಂದನೇ ಹೆಜ್ಜೆಯಲ್ಲಿ ಮನೆಯಲ್ಲೇ ಪ್ರಯೋಗ ಮಾಡಲಿ. ಬೋರ್ಡು ಹಾಕುವುದು, ಉದ್ಯಮ್ ಮಾಡಿಸುವುದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿಕೊಂಡ ಮೇಲೆ.

ಬೇಳೆ, ಶೇಂಗಾ ಎಣ್ಣೆ, ಚಟ್ನಿಪುಡಿ, ಹಪ್ಪಳದ ಕೆಲಸಕ್ಕೆ, ಸಣ್ಣ ಆಹಾರ ಘಟಕಗಳಿಗಾಗಿ ಇರುವ ಪಿಎಂಎಫ್‌ಎಂಇ ಕೂಡ ನೋಡಿ. ಕೇಂದ್ರದ 35% ಸಬ್ಸಿಡಿಗೆ ರಾಜ್ಯ 15% ಸೇರಿಸಿದೆ. ಇದಕ್ಕೆ ಅರ್ಜಿ ತುಂಬಿಕೊಡುವ ಜಿಲ್ಲಾ ಸಂಪನ್ಮೂಲ ವ್ಯಕ್ತಿಗಳಿಗೆ ಯೋಜನೆಯಿಂದಲೇ ದುಡ್ಡು ಬರುತ್ತದೆ, ನೀವು ಕೊಡಬೇಕಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಿಂದ ಜಿಐ, ಅಂದರೆ ಇದು ಈ ಊರಿನದೇ ಮಾಲು ಅನ್ನುವ ಗುರುತೂ ಇದೆ. ಯಾವುದೇ ಯೋಜನೆಗೂ ಈ ವರ್ಷ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಕೇಳಿಕೊಂಡೇ ಕಾಗದಕ್ಕೆ ಖರ್ಚು ಮಾಡಿ.

5. ತರಬೇತಿಗೆ ಕಳಿಸಿ

ಪ್ರತಿ ಜಿಲ್ಲೆಯಲ್ಲೂ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಅಂದರೆ ಆರ್‌ಸೆಟಿ ಇದೆ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟ್ ಮಾದರಿ ನೋಡಿ ದೇಶಕ್ಕೆಲ್ಲ ಹರಡಿದ್ದು. ತರಬೇತಿ, ಊಟ, ವಸತಿ ಎಲ್ಲ ಉಚಿತ. ಆಮೇಲೆ ಎರಡು ವರ್ಷ ಬೆನ್ನಿಗೆ ನಿಲ್ಲಬೇಕಾದ್ದು ಅವರ ಕೆಲಸ. "ನನಗ ಬರ್ತದಲ್ರಿ ಹೊಲಿಗಿ, ಮತ್ಯಾಕ?" ಅಂತಾರೆ. ಹೊಲಿಗೆಗಿಂತ ಅಲ್ಲಿ ಸಿಗುವ ಪ್ರಮಾಣಪತ್ರ ಮತ್ತು ಬ್ಯಾಂಕಿನವರ ಪರಿಚಯ ಮುಖ್ಯ. ಸಣ್ಣ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವುದನ್ನು ಮಾತ್ರ ಮೊದಲೇ ಗೊತ್ತು ಮಾಡಿ. ತರಬೇತಿ ಅರ್ಧಕ್ಕೆ ಬಿಟ್ಟು ಬರುವುದು ಹೆಚ್ಚಾಗಿ ಅದೇ ಕಾರಣಕ್ಕೆ.

6. ಬ್ಯಾಂಕಿನ ದಿನ

ಹಿಂದಿನ ರಾತ್ರಿ ಒಂದು ಸಲ ನಾಟಕ ಮಾಡಿ. ನೀವು ಮ್ಯಾನೇಜರ್, ಅವರು ಅರ್ಜಿದಾರರು. ಏನು ಮಾಡ್ತೀರಿ, ಎಲ್ಲಿ ಮಾರ್ತೀರಿ, ತಿಂಗಳಿಗೆ ಎಷ್ಟು ಉಳೀತದ, ಕಂತು ಹೇಗೆ ಕಟ್ತೀರಿ. ನಗು ಬರುತ್ತೆ, ಬರಲಿ. ಮರುದಿನ ಬಾಯಿ ಕಟ್ಟಲ್ಲ.

ಸೋಮವಾರ ಮತ್ತು ತಿಂಗಳ ಮೊದಲ ವಾರ ಬೇಡ, ಪಿಂಚಣಿಯವರ ಗದ್ದಲ. ಮಧ್ಯಾಹ್ನದ ಊಟದ ನಂತರ ಹೋಗಿ. ಅರ್ಜಿ ಎರಡು ಪ್ರತಿ ಇರಲಿ, ಒಂದರ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನ "ನಾಳೆ ಬನ್ನಿ"ಗೆ ಕೊನೆಯಿಲ್ಲ, ಸೀಲು ಬಿದ್ದ ಕಾಗದಕ್ಕೆ ದಿನ ಎಣಿಸಬಹುದು. ಸಣ್ಣ ಉದ್ದಿಮೆಯ 10 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕ್ ಅಡಮಾನ ಕೇಳುವ ಹಾಗಿಲ್ಲ. ಇದು ರಿಸರ್ವ್ ಬ್ಯಾಂಕಿನ ಮಾತು. ಜಗಳದ ದನಿಯಲ್ಲಿ ಹೇಳಬೇಡಿ, ಆದರೆ ಹೇಳಿ. ಕೊಡಲ್ಲ ಅಂದರೆ ಕಾರಣವನ್ನು ಬರೆದುಕೊಡಿ ಅಂತ ಕೇಳಿ. ಎಷ್ಟೋ ಸಲ ಹಾಗೆ ಕೇಳಿದ ಮೇಲೆಯೇ ಫೈಲು ಕದಲುತ್ತದೆ.

ಕದಲದಿದ್ದರೆ ಮೊದಲು ಜಿಲ್ಲೆಯ ಬ್ಯಾಂಕುಗಳ ಮೇಲೆ ಕಣ್ಣಿಡುವ ಲೀಡ್ ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ. ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು 30 ದಿನ ಆದರೂ ಉತ್ತರ ಇಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಹಾಕಬಹುದು. ಸಹಾಯವಾಣಿ 14448.

ಮಾತಾಡುವವರು ಅವರೇ ಆಗಿರಲಿ. ಇದು ನನಗೆ ಕಲಿಯಲು ಬಹಳ ದಿನ ಹಿಡಿಯಿತು. ನಾವು ಪಟಪಟ ಉತ್ತರ ಕೊಟ್ಟರೆ ಮ್ಯಾನೇಜರ್ ನಮ್ಮ ಮುಖ ನೋಡಿಯೇ ಮಾತಾಡುತ್ತಾರೆ, ಅರ್ಜಿದಾರರು ಪಕ್ಕದ ಕುರ್ಚಿಯಾಗಿಬಿಡುತ್ತಾರೆ. ಭಾಷೆ ತೊಡಕಾದರೆ ಅನುವಾದ ಮಾತ್ರ ಮಾಡಿ.

7. ಗಿರಾಕಿ ಜಾತಿ ಕೇಳಿದರೆ

ಯಾವ ಯೋಜನೆಯ ಪುಸ್ತಕದಲ್ಲೂ ಇದನ್ನು ಬರೆದಿರಲ್ಲ. ದಲಿತ ಹೆಂಗಸು ಊರಲ್ಲಿ ಖಾನಾವಳಿ ಹಾಕಿದರೆ ಊಟಕ್ಕೆ ಬರುವವರು ಯಾರು? ಯಾದಗಿರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಚಹಾದಂಗಡಿ ಹಾಕಿದ ದಂಪತಿ ಆರು ತಿಂಗಳು ತಮ್ಮ ಓಣಿಯವರಿಗೆ ಮಾತ್ರ ಚಹಾ ಮಾರಿದರು. ಅವರು ಅದೇ ಒಲೆ, ಅದೇ ಕೆಟಲ್ ತೆಗೆದುಕೊಂಡು ತಾಲ್ಲೂಕಿನ ಬಸ್ ನಿಲ್ದಾಣದ ಹತ್ತಿರ ಹೋದರು. ಅಲ್ಲಿ ಬಸ್ಸಿಗೆ ಓಡುವವರು ಜಾತಿ ಕೇಳಲ್ಲ, ಚಿಲ್ಲರೆ ಕೇಳುತ್ತಾರೆ. ದಂಧೆ ಹಿಡಿಯಿತು.

ಊರು ಬಿಟ್ಟು ಹೋಗಿ ಅಂತ ಹೇಳುವುದು ನ್ಯಾಯ ಅಂತ ನನಗನಿಸಲ್ಲ. ಆದರೆ ಸಾಲದ ಕಂತು ನ್ಯಾಯಕ್ಕೆ ಕಾಯಲ್ಲ. ಜಾಗ ಆರಿಸುವಾಗ ಈ ಪ್ರಶ್ನೆಯನ್ನು ನಾಚಿಕೆಪಡದೆ ಎತ್ತಿ. ಇವರ ಅಂಗಡಿಯಲ್ಲಿ ಕೊಳ್ಳಬೇಡಿ ಅಂತ ಯಾರಾದರೂ ಡಂಗುರ ಹೊಡೆಸಿದರೆ, ಬೆದರಿಸಿದರೆ ಅದು ಬೇರೆ ವಿಷಯ. ದಲಿತರ ಮೇಲೆ ಆರ್ಥಿಕ ಬಹಿಷ್ಕಾರ ಹಾಕುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಆಗ ನೀವು ಜೊತೆಗೆ ಹೋಗಬೇಕಾದ್ದು ಬ್ಯಾಂಕಿಗಲ್ಲ, ಠಾಣೆಗೆ.

8. ಸಾಲ ಬಂದ ಮೇಲಿನ ಆರು ತಿಂಗಳು

ಎಲ್ಲರೂ ಇಲ್ಲಿಗೆ ಕೈಬಿಡುತ್ತಾರೆ. ನಿಜವಾದ ಕೆಲಸ ಈಗ.

ರೊಕ್ಕ ಖಾತೆಗೆ ಬಂದ ದಿನವೇ ಮನೆಯ ಖರ್ಚುಗಳು ನೆನಪಾಗುತ್ತವೆ. ಮಗಳ ಸೀರೆ, ಗಂಡನ ಬೈಕ್ ರಿಪೇರಿ. ಆ ವಾರದಲ್ಲೇ ಯಂತ್ರ, ಮಾಲು ಕೊಂಡು ಬಿಲ್ ಇಟ್ಟುಕೊಳ್ಳಿ. ದಂಧೆಗೆ ಬೇರೆ ಖಾತೆ ಇದ್ದರೆ ಒಳ್ಳೆಯದು. ಯಂತ್ರ ದೊಡ್ಡದಾದರೆ ಜೆಸ್ಕಾಂನಲ್ಲಿ ಬೇರೆ ಮೀಟರ್ ಕೇಳಿ, ಗೃಹಜ್ಯೋತಿ ಮೀಟರಿನಲ್ಲಿ ಗಿರಣಿ ತಿರುಗಿಸಿ ದಂಡ ಕಟ್ಟಿದವರಿದ್ದಾರೆ.

ಒಂದು ನೋಟ್‌ಬುಕ್, ಮೂರು ಗೆರೆ: ಬಂದದ್ದು, ಹೋದದ್ದು, ಉದ್ರಿ. ಓದು ಬರದವರಿಗೆ ಮನೆಯ ಶಾಲೆ ಮಕ್ಕಳು ಬರೆದುಕೊಡಲಿ. ಉದ್ರಿಗೆ ಒಂದು ಮಿತಿ ಮೊದಲೇ ಹಾಕಿಕೊಳ್ಳಲಿ. ನಮ್ಮ ರೊಟ್ಟಿ ಅಕ್ಕ "ತೊಗರಿ ಮಾರಿ ಕೊಡ್ತೀನಿ" ಅಂದವರಿಗೆ ಹೇಳುವುದು ಒಂದೇ ಮಾತು: "ತೊಗರಿ ಮಾರಿದ ಮ್ಯಾಲೇ ರೊಟ್ಟಿ ತಗೋರಿ."

ಫೋನ್‌ಪೇ ಕ್ಯೂಆರ್ ಬಗ್ಗೆ ಈಗಲೂ ಭಯ ಇದೆ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗ ಎಷ್ಟೋ ಕಡೆ ಕ್ಯೂಆರ್ ಹಾಳೆ ಕಿತ್ತುಹಾಕಿದರು. ವಸ್ತು ಮಾರುವವರಿಗೆ ಜಿಎಸ್‌ಟಿ ನೋಂದಣಿ ಬೇಕಾಗುವುದು ವರ್ಷದ ವಹಿವಾಟು 40 ಲಕ್ಷ ದಾಟಿದರೆ, ಸೇವೆಗೆ 20 ಲಕ್ಷ. ತಿಂಗಳಿಗೆ ಐವತ್ತು ಸಾವಿರದ ವ್ಯಾಪಾರ ವರ್ಷಕ್ಕೆ 6 ಲಕ್ಷ. ಇನ್ನೂ ಬಹಳ ದೂರ ಇದೆ. ಕ್ಯೂಆರ್ ಇರಲಿ. ಮುಂದಿನ ಸಾಲಕ್ಕೆ ಹೋದಾಗ ಆ ಖಾತೆಯ ಓಡಾಟವೇ ಸಾಕ್ಷಿ. ಆದರೆ ಮನೆಯವರು, ನೆಂಟರು ತಮ್ಮ ರೊಕ್ಕವನ್ನು ಆ ಖಾತೆಯಲ್ಲಿ ತಿರುಗಿಸಲು ಬಿಡಬೇಡಿ.

ಮೊದಲ ಮೂರು ಕಂತಿನ ದಿನಾಂಕವನ್ನು ನಿಮ್ಮ ಫೋನಿನಲ್ಲೂ ಹಾಕಿಕೊಳ್ಳಿ. ಎರಡು ದಿನ ಮೊದಲು ಒಂದು ಕರೆ ಮಾಡಿ. ನಾಲ್ಕನೇ ತಿಂಗಳು ನಾನು ಕರೆ ಮಾಡಿದಾಗ ರೊಟ್ಟಿ ಅಕ್ಕ, "ಕಟ್ಟಿ ಬಂದೀನವಾ, ನಿನ್ನೇನೆ. ಈಗ ಮಾತಾಡಾಕ ಟೈಮಿಲ್ಲ, ಹಂಚು ಕಾದದ" ಅಂತ ಫೋನ್ ಇಟ್ಟರು.